ಯಾರೂ ಎಣಿಸದ ಮೀನಿನ ಲೆಕ್ಕ ಕಂಪ್ಯೂಟರ್‌ಗೆ ಹೇಗೆ ಸಿಗುತ್ತದೆ?

ಸಮುದ್ರದ ಜೀವಜಾಲವನ್ನು ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಅಧ್ಯಯನ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: “ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಯಾರೂ ಎಣಿಸಿಲ್ಲ, ಎಣಿಸೋಕೂ ಆಗಲ್ಲ. ಅಂದಮೇಲೆ ನಿಮ್ಮ ಕಂಪ್ಯೂಟರ್ ಹೇಳೋದು ಬರೀ ಊಹೆ ತಾನೇ?”

ಊಹೆ ಹೌದು. ಆದರೆ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕಾದ ಊಹೆ. ತಿಂದದ್ದು ಎಲ್ಲಿಂದಲೋ ಬಂದಿರಬೇಕು, ಸತ್ತದ್ದು ಎಲ್ಲಿಗೋ ಹೋಗಿರಬೇಕು. ಮಾಡೆಲ್ ಮೀನು ಎಣಿಸುವುದಿಲ್ಲ, ಜಮಾ-ಖರ್ಚು ಬರೆಯುತ್ತದೆ. ಲೆಕ್ಕ ತಾಳೆಯಾಗದಿದ್ದರೆ ನಮಗೆ ಗೊತ್ತಿದೆ ಎಂದುಕೊಂಡಿದ್ದ ಯಾವುದೋ ಒಂದು ಸಂಗತಿ ಸುಳ್ಳು ಎಂದಾಯಿತು. ನಮ್ಮ ಮಟ್ಟಿಗೆ ಮಾಡೆಲ್‌ನ ನಿಜವಾದ ಉಪಯೋಗ ಅದು. ಮುಂದಿನ ನೂರು ವರ್ಷದ ಭವಿಷ್ಯ ಹೇಳುವುದು ಆಮೇಲಿನ ಮಾತು.

ಲೆಕ್ಕ ಇಡಬೇಕಾದರೆ ಒಂದು ನಾಣ್ಯ ಬೇಕು. ಬಹಳಷ್ಟು ಮಾಡೆಲ್‌ಗಳಲ್ಲಿ ಅದು ಸಾರಜನಕ. ಸಸ್ಯಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳ, ಮೈಯಲ್ಲಿ ಇಂಗಾಲ, ಸಾರಜನಕ, ರಂಜಕ ಸರಾಸರಿ 106:16:1ರ ಪ್ರಮಾಣದಲ್ಲಿರುತ್ತವೆ. ಇದಕ್ಕೆ ರೆಡ್‌ಫೀಲ್ಡ್ ಅನುಪಾತ ಎನ್ನುತ್ತಾರೆ. ಹಾಗಾಗಿ ಒಂದರ ಲೆಕ್ಕ ಇಟ್ಟರೆ ಉಳಿದೆರಡು ಅಂದಾಜಿಗೆ ಸಿಗುತ್ತವೆ. ಅತಿ ಸರಳ ಮಾಡೆಲ್‌ನಲ್ಲಿ ನಾಲ್ಕೇ ಖಾತೆ: ನೀರಿನಲ್ಲಿ ಕರಗಿದ ನೈಟ್ರೇಟ್, ಸಸ್ಯಪ್ಲವಕ, ಅದನ್ನು ಮೇಯುವ ಪ್ರಾಣಿಪ್ಲವಕ, ಸತ್ತ ಕಸ. ಕಂಪ್ಯೂಟರ್ ಬಳಕೆಗೆ ಬರುವ ಮೊದಲೇ, 1946ರಲ್ಲಿ, ಗಾರ್ಡನ್ ರೈಲಿ ಎಂಬ ವಿಜ್ಞಾನಿ ಅಮೆರಿಕದ ಈಶಾನ್ಯ ಕರಾವಳಿಯಾಚೆಯ ಜಾರ್ಜಸ್ ಬ್ಯಾಂಕ್ ಪ್ರದೇಶದ ಸಸ್ಯಪ್ಲವಕ ವರ್ಷವಿಡೀ ಹೇಗೆ ಏರಿಳಿಯುತ್ತದೆ ಎಂದು ಇದೇ ಜಾಡಿನಲ್ಲಿ ಲೆಕ್ಕ ಹಾಕಿದ್ದರು. 1990ರಲ್ಲಿ ಫ್ಯಾಶಮ್ ಮತ್ತು ಸಂಗಡಿಗರು ಬರ್ಮುಡಾ ಬಳಿಯ ನೀರಿಗೆ ಏಳು ಖಾತೆಗಳ ಮಾಡೆಲ್ ಕಟ್ಟಿದರು. ಇವತ್ತಿನ ದೊಡ್ಡ ಮಾಡೆಲ್‌ಗಳಲ್ಲಿ ಹಲವು ಅದರ ವಂಶದವೇ.

ಒಂದು ಘನ ಮೀಟರ್ ನೀರನ್ನೇ ತೆಗೆದುಕೊಳ್ಳಿ. ನೈಟ್ರೇಟ್ 5 ಮಿಲಿಮೋಲ್ (ಕಣಗಳ ಸಂಖ್ಯೆಯನ್ನು ಅಳೆಯುವ ಮಾನ), ಸಸ್ಯಪ್ಲವಕ 0.2, ಪ್ರಾಣಿಪ್ಲವಕ 0.1, ಎಲ್ಲವೂ ಸಾರಜನಕದ ಲೆಕ್ಕದಲ್ಲಿ. ಸಸ್ಯಪ್ಲವಕ ಹೆಚ್ಚೆಂದರೆ ದಿನಕ್ಕೆ ತನ್ನಷ್ಟೇ ಬೆಳೆಯಬಲ್ಲದು ಎಂದಿಟ್ಟುಕೊಳ್ಳೋಣ, ಅಂದರೆ ದರ 1. ರಾತ್ರಿ, ಮೋಡ, ಆಳ ಎಲ್ಲ ಸೇರಿ ಬೆಳಕು ಅದನ್ನು ಅರ್ಧಕ್ಕಿಳಿಸುತ್ತದೆ. ನೈಟ್ರೇಟ್ 0.5 ಇದ್ದಾಗ ಬೆಳವಣಿಗೆ ಅರ್ಧವಾಗುತ್ತದೆ ಎಂಬ ನಿಯಮ ಹಾಕಿದರೆ, 5 ಇರುವಾಗ 5 ಭಾಗಿಸು 5.5, ಅಂದರೆ ಸುಮಾರು 0.91. ಎರಡನ್ನೂ ಗುಣಿಸಿದರೆ ದಿನದ ದರ 0.45, ಆ ದಿನದ ಜಮಾ 0.091. ತಾನಾಗಿ ಸಾಯುವುದು ನೂರಕ್ಕೆ ಐದು, ಅಂದರೆ 0.01. ಇನ್ನು ಮೇಯುವವರ ಖರ್ಚು ಬಾಕಿ.

ತೊಡಕು ಶುರುವಾಗುವುದೇ ಈ ಮೇಯುವ ಖರ್ಚಿನಲ್ಲಿ. ಪ್ರಾಣಿಪ್ಲವಕ ಎಷ್ಟು ತಿನ್ನುತ್ತದೆ ಎನ್ನುವುದಕ್ಕೆ ಎರಡು ಸೂತ್ರ ಬಳಕೆಯಲ್ಲಿವೆ. ಗರಿಷ್ಠ ದರ 1, ಅರ್ಧಮಟ್ಟ (ತಿನ್ನುವ ದರ ಅರ್ಧಕ್ಕಿಳಿಯುವ ಮೇವಿನ ಮಟ್ಟ) 1 ಎಂದಿಟ್ಟುಕೊಂಡರೆ ಮೊದಲ ಸೂತ್ರದಲ್ಲಿ 0.2 ಭಾಗಿಸು 1.2, ಸುಮಾರು 0.167; ಅದನ್ನು ಪ್ರಾಣಿಪ್ಲವಕದ 0.1ರಿಂದ ಗುಣಿಸಿದರೆ ಖರ್ಚು 0.017. ಎರಡನೆಯದರಲ್ಲಿ ವರ್ಗ ಹಾಕುತ್ತಾರೆ: 0.04 ಭಾಗಿಸು 1.04, ಖರ್ಚು 0.004ರ ಆಸುಪಾಸು. ಒಂದೇ ನೀರು, ಅದೇ ಜೀವಿಗಳು, ಖರ್ಚು ಮಾತ್ರ ನಾಲ್ಕು ಪಟ್ಟು ಹೆಚ್ಚುಕಮ್ಮಿ. ಮೇವು ವಿರಳವಾದಾಗ ಹುಡುಕುವ ಶ್ರಮಕ್ಕೆ ತಕ್ಕ ಫಲ ಸಿಗದು, ಉಳಿದ ಪ್ಲವಕ ಬಚಾವಾಗುತ್ತದೆ ಎನ್ನುವುದು ಎರಡನೆಯ ಸೂತ್ರದ ಹಿಂದಿನ ಯೋಚನೆ. ಮೊದಲನೆಯದನ್ನು ಹಾಕಿದರೆ ಚಳಿಗಾಲದಲ್ಲಿ ಸಸ್ಯಪ್ಲವಕ ಪೂರ್ತಿ ಬರಿದಾಗುವ ಅಪಾಯ ಇದೆ. ಆಮೇಲೆ ವಸಂತದಲ್ಲಿ ಬೆಳಕು ಬಂದರೂ ಬೆಳೆಯಲು ಬೀಜವೇ ಇರುವುದಿಲ್ಲ. ಮಾಡೆಲ್‌ನಲ್ಲಿ ವಸಂತದ ಹುಲುಸು ತಿಂಗಳು ತಡವಾಗಿ ಬಂದರೆ ನಾವು ಮೊದಲು ನೋಡುವುದು ಈ ಸಾಲನ್ನೇ.

ಇನ್ನೊಂದು ಕುಖ್ಯಾತ ಸಾಲು ಪ್ರಾಣಿಪ್ಲವಕದ ಸಾವಿನದು. ಪ್ರಾಣಿಪ್ಲವಕವನ್ನು ತಿನ್ನುವವರು ಮಾಡೆಲ್‌ನಲ್ಲಿಲ್ಲ, ಆದ್ದರಿಂದ ಅದರ ಸಾವನ್ನು ಒಂದು ಸಂಖ್ಯೆಯಾಗಿ ನಾವೇ ಬರೆಯಬೇಕು. ಇರುವುದರ ಇಂತಿಷ್ಟು ಪಾಲು ಎಂದು ಬರೆದರೆ ಲೆಕ್ಕ ಉಯ್ಯಾಲೆಯಾಡುವ ಸಾಧ್ಯತೆ ಹೆಚ್ಚು: ಪ್ಲವಕ ಏರಿತು, ಮೇಯುವವರು ಏರಿದರು, ಎರಡೂ ಕುಸಿದವು, ಮತ್ತೆ ಮೊದಲಿಂದ. ದಟ್ಟಣೆಯ ವರ್ಗಕ್ಕೆ ತಕ್ಕಂತೆ ಸಾವು ಏರುತ್ತದೆ ಎಂದು ಬರೆದರೆ ಆಟ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಸ್ಟೀಲ್ ಮತ್ತು ಹೆಂಡರ್ಸನ್ ಎಂಬ ವಿಜ್ಞಾನಿಗಳು 1992ರಲ್ಲೇ ಇದನ್ನು ತೋರಿಸಿಕೊಟ್ಟರು. ಮಾಡೆಲ್‌ನಲ್ಲಿ ಕಂಡ ಏರಿಳಿತ ಸಮುದ್ರದ್ದೋ, ನಾವು ಬರೆದ ಈ ಸಾವಿನ ಸಾಲಿನದ್ದೋ ಎಂದು ಪರೀಕ್ಷಿಸದೆ ಪ್ರಕಟಿಸಿದ ನಕ್ಷೆಯನ್ನು ನಂಬಬೇಡಿ.

ಈ ಒಂದು ಘನ ಮೀಟರ್ ಲೆಕ್ಕವನ್ನು ಇಡೀ ಸಾಗರಕ್ಕೆ ಹರಡಿದಾಗ ಜೀವಶಾಸ್ತ್ರಕ್ಕಿಂತ ನೀರೇ ಹೆಚ್ಚು ಕಾಟ ಕೊಡುತ್ತದೆ. ಸಾಗರವನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಡಿಗ್ರಿಯ ಚೌಕ ಎಂದರೆ ಭೂಮಧ್ಯರೇಖೆಯಲ್ಲಿ 111 ಕಿಲೋಮೀಟರ್. ಡಿಗ್ರಿಯ ಹನ್ನೆರಡನೇ ಒಂದು ಭಾಗ ಎಂದರೆ ಸುಮಾರು 9. ಚೌಕದ ಅಗಲ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಲೇಬೇಕಾದ್ದರಿಂದ ಕಂಪ್ಯೂಟರ್ ಖರ್ಚು ಎಂಟು ಪಟ್ಟು. ಅದಕ್ಕೇ ಜಾಗತಿಕ ಮಾಡೆಲ್‌ಗಳು ಹಲವು ಸಲ ದೊಡ್ಡ ಚೌಕಗಳಲ್ಲೇ ನಿಲ್ಲುತ್ತವೆ. ಆಳದ ಪೋಷಕಾಂಶ ಮೇಲೆ ಉಕ್ಕುವ ಕರಾವಳಿ ಪಟ್ಟಿ ಹತ್ತಾರು ಕಿಲೋಮೀಟರ್ ಅಗಲವಷ್ಟೇ. 111 ಕಿಲೋಮೀಟರ್ ಚೌಕದಲ್ಲಿ ಅದು ಕಾಣುವುದೇ ಇಲ್ಲ. ಮೀನುಗಾರಿಕೆಗೆ ಮುಖ್ಯವಾದದ್ದು ಆ ಪಟ್ಟಿಯೇ.

ಗಾಳಿಯ ವಿಷಯದಲ್ಲಿ ಒಂದು ಬಲೆ ಇದೆ, ಹೊಸಬರು ಪ್ರತಿ ಸಲ ಅದರಲ್ಲಿ ಬೀಳುತ್ತಾರೆ. ಮೇಲ್ಪದರವನ್ನು ಕಲಕಲು ಗಾಳಿ ಕೊಡುವ ಶಕ್ತಿ ಸ್ಥೂಲವಾಗಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅರ್ಧ ದಿನ ಸೆಕೆಂಡಿಗೆ 4 ಮೀಟರ್, ಇನ್ನರ್ಧ ದಿನ 12 ಮೀಟರ್ ಬೀಸಿತು ಅನ್ನಿ. ದಿನದ ಸರಾಸರಿ 8, ಅದರ ಘನ 512. ಆದರೆ 4ರ ಘನ 64, 12ರದ್ದು 1728, ಇವೆರಡರ ಸರಾಸರಿ 896. ದಿನದ ಸರಾಸರಿ ಗಾಳಿ ಕೊಟ್ಟ ಮಾಡೆಲ್‌ನಲ್ಲಿ ಕಲಕುವಿಕೆ ಬಹಳ ಕಮ್ಮಿಯಾಯಿತು, ಆಳದ ನೈಟ್ರೇಟ್ ಮೇಲೆ ಬರಲಿಲ್ಲ, ಪ್ಲವಕ ಹಸಿದುಕೊಂಡಿತು. ಆಮೇಲೆ ಪ್ಲವಕದ ಬೆಳವಣಿಗೆ ದರವನ್ನು ತಿದ್ದುತ್ತಾ ಕೂರುತ್ತಾರೆ! ಗಂಟೆಗೊಮ್ಮೆಯ ಗಾಳಿ ಸಿಗುವಾಗ ಅದನ್ನೇ ಬಳಸಬೇಕು.

ಇನ್ನೊಂದು, ಸೊನ್ನೆಗಿಂತ ಕೆಳಗಿಳಿಯುವ ಕಾಟ. ನೀರಿನ ಹರಿವನ್ನು ಲೆಕ್ಕ ಹಾಕುವ ಕೆಲವು ವಿಧಾನಗಳು ಚೂಪಾದ ಅಂಚುಗಳಲ್ಲಿ ಋಣ ಸಂಖ್ಯೆ ಹುಟ್ಟಿಸುತ್ತವೆ, ಮೈನಸ್ 0.02 ಪ್ಲವಕ ಇದೆ ಎಂದು. ಅದನ್ನು ಸೊನ್ನೆ ಮಾಡಿ ಮುಂದೆ ಹೋದರೆ ಪ್ರತಿ ಹೆಜ್ಜೆಗೂ ಇಲ್ಲದ ಸಾರಜನಕವನ್ನು ಸೃಷ್ಟಿಸಿದಂತಾಯಿತು. ಪರೀಕ್ಷೆ ಸುಲಭ: ಗಡಿಗಳನ್ನೆಲ್ಲ ಮುಚ್ಚಿ, ಒಟ್ಟು ಸಾರಜನಕ ಕೂಡಿಸಿ, ವರ್ಷದ ಕೊನೆಗೆ ಮತ್ತೆ ಕೂಡಿಸಿ. ದಶಮಾಂಶದ ಸಣ್ಣ ತಪ್ಪನ್ನು ಬಿಟ್ಟರೆ ಎರಡೂ ಒಂದೇ ಇರಬೇಕು.

ಲೆಕ್ಕ ತಾಳೆಯಾಗದೆ ಹೊಸದು ಗೊತ್ತಾದ ಉದಾಹರಣೆ ಬೇಕಿದ್ದರೆ ದಕ್ಷಿಣ ಮಹಾಸಾಗರ ನೋಡಿ. ಬೆಳಕು ಮತ್ತು ನೈಟ್ರೇಟ್ ಮಾತ್ರ ಬರೆದ ಮಾಡೆಲ್ ಅಲ್ಲಿ ಬೇಸಿಗೆಯಲ್ಲಿ ನೈಟ್ರೇಟ್ ಎಲ್ಲ ಖರ್ಚಾಗುತ್ತದೆ ಎನ್ನುತ್ತದೆ. ಹಡಗಿನವರು ಅಳೆದರೆ ಘನ ಮೀಟರಿಗೆ 20 ಮಿಲಿಮೋಲ್ ಆಸುಪಾಸು ಹಾಗೇ ಉಳಿದಿರುತ್ತದೆ. ಕೊರತೆ ಇದ್ದದ್ದು ಕಬ್ಬಿಣದ್ದು. ಅದು ಬೇಕಾಗುವುದು ಲವಲೇಶ, ಆದರೆ ಆ ನೀರಿನಲ್ಲಿ ಅಷ್ಟೂ ಇಲ್ಲ. ಜಾನ್ ಮಾರ್ಟಿನ್ ಎಂಬ ಸಾಗರವಿಜ್ಞಾನಿ ಇದನ್ನು ವಾದಿಸಿದರು. 1995ರಲ್ಲಿ ಇಂಥದ್ದೇ ಸ್ಥಿತಿಯ ಭೂಮಧ್ಯ ಪೆಸಿಫಿಕ್‌ನ ಒಂದು ತುಂಡು ನೀರಿಗೆ ಕಬ್ಬಿಣ ಸುರಿದಾಗ ಪ್ಲವಕ ಹುಲುಸಾಗಿ ಬೆಳೆಯಿತು. ಇವತ್ತು ಬಹಳಷ್ಟು ಜಾಗತಿಕ ಮಾಡೆಲ್‌ಗಳಲ್ಲಿ ಕಬ್ಬಿಣದ ಖಾತೆಯೂ ಇರುತ್ತದೆ.

ಇಷ್ಟಾದರೂ ಮೀನು ಬಂದಿಲ್ಲ. ಮೀನಿಗೆ ಬೇರೆಯೇ ಜಾತಿಯ ಮಾಡೆಲ್ ಇದೆ, ಇಕೋಪಾತ್. ಹವಾಯಿ ದ್ವೀಪಸಾಲಿನ ಫ್ರೆಂಚ್ ಫ್ರಿಗೇಟ್ ಶೋಲ್ಸ್ ಎಂಬ ಹವಳದ ದಿಬ್ಬಕ್ಕಾಗಿ ಜೆಫ್ರಿ ಪೊಲೊವಿನಾ ಎಂಬ ವಿಜ್ಞಾನಿ ಕಟ್ಟಿದ್ದು, 1984ರಲ್ಲಿ ಪ್ರಕಟವಾಯಿತು. ಇಲ್ಲಿ ನಾಣ್ಯ ಸಾಮಾನ್ಯವಾಗಿ ಹಸಿ ತೂಕ, ಚದರ ಕಿಲೋಮೀಟರಿಗೆ ಟನ್. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಣ್ಣ ಮೀನು 4 ಟನ್ ಇದೆ, ಪ್ರತಿ ಟನ್‌ಗೆ ವರ್ಷಕ್ಕೆ 1.5 ಟನ್ ಹುಟ್ಟುತ್ತದೆ. ಒಟ್ಟು ಉತ್ಪತ್ತಿ 6. ಟ್ಯೂನಾ ಅರ್ಧ ಟನ್ ಇದೆ, ವರ್ಷಕ್ಕೆ ತನ್ನ ತೂಕದ ಹತ್ತರಷ್ಟು ತಿನ್ನುತ್ತದೆ, ಅಂದರೆ 5. ಅದರಲ್ಲಿ ಶೇಕಡಾ 60 ಸಣ್ಣ ಮೀನು, ಅಂದರೆ 3. ಬಲೆಗೆ ಬೀಳುವುದು 2. ಉಳಿದ ಮೀನುಗಳು ತಿನ್ನುವುದು 2.8. ಒಟ್ಟು ಖರ್ಚು 7.8, ಉತ್ಪತ್ತಿಯ 1.3 ಪಟ್ಟು. ಹುಟ್ಟಿದ್ದಕ್ಕಿಂತ ಹೆಚ್ಚು ತಿನ್ನಲಾಗದು.

ಆಗ ಸಣ್ಣ ಮೀನಿನ ಸಂಖ್ಯೆಯನ್ನು 5.5ಕ್ಕೆ ಏರಿಸಿ ಕೈತೊಳೆದುಕೊಳ್ಳುವುದು ಸೋಮಾರಿ ದಾರಿ. ಮೊದಲು ಆಹಾರದ ಪಟ್ಟಿ ನೋಡಬೇಕು, ಏಕೆಂದರೆ ಅತಿ ದುರ್ಬಲ ಅಂಕಿ ಅದೇ: ಒಂದೇ ಋತುವಿನಲ್ಲಿ ಹಿಡಿದ ಮೀನಿನ ಹೊಟ್ಟೆ ನೋಡಿ ಶೇಕಡಾ 60 ಎಂದು ಬರೆದಿರಬಹುದು. ಆಮೇಲೆ ಮಾನಗಳು. ಹಸಿ ತೂಕದ ಸುಮಾರು ಒಂಬತ್ತನೇ ಒಂದು ಭಾಗ ಇಂಗಾಲ ಎಂಬುದು ರೂಢಿಯ ಅಂದಾಜು. ಎರಡು ಪ್ರಬಂಧಗಳಿಂದ ಎತ್ತಿದ ಅಂಕಿಗಳಲ್ಲಿ ಒಂದು ಇಂಗಾಲದ್ದು, ಇನ್ನೊಂದು ಹಸಿ ತೂಕದ್ದು ಆಗಿದ್ದರೆ ಲೆಕ್ಕ ಒಂಬತ್ತು ಪಟ್ಟು ಕೆಡುತ್ತದೆ. ಸಣ್ಣ ಮೀನಿನ ತೂಕವನ್ನು ತಿದ್ದುವುದು ಕಟ್ಟಕಡೆಗೆ.

ಉಪಗ್ರಹ ಇದೆಯಲ್ಲ, ನೋಡಿ ಸರಿಮಾಡಿಕೊಳ್ಳಬಾರದೇ ಎಂದೂ ಕೇಳುತ್ತಾರೆ. ಉಪಗ್ರಹಕ್ಕೆ ಮೀನು ಕಾಣುವುದಿಲ್ಲ, ನೀರಿನ ಬಣ್ಣ ಕಾಣುತ್ತದೆ. ಅದರಿಂದ ಹರಿತ್ತು (ಸಸ್ಯಗಳ ಹಸಿರು ಬಣ್ಣದ ವಸ್ತು, ಕ್ಲೋರೋಫಿಲ್) ಲೆಕ್ಕಕ್ಕೆ ಸಿಗುತ್ತದೆ, ಅದೂ ಮೇಲಿನ ಪದರದ್ದು ಮಾತ್ರ, ಮೋಡ ಇಲ್ಲದ ದಿನ ಮಾತ್ರ. ಜೊತೆಗೆ ಮಂದ ಬೆಳಕಿನಲ್ಲಿರುವ ಪ್ಲವಕ ಅಷ್ಟೇ ಮೈಗೆ ಹೆಚ್ಚು ಹರಿತ್ತು ತುಂಬಿಕೊಳ್ಳುತ್ತದೆ. ಹಸಿರು ಹೆಚ್ಚಿದ ಮಾತ್ರಕ್ಕೆ ಮೇವು ಹೆಚ್ಚಿತು ಎನ್ನಲಾಗದು. ಸಾಗರದಲ್ಲಿ ತೇಲುತ್ತಿರುವ ಸುಮಾರು 4000 ಆರ್ಗೋ ಯಂತ್ರಗಳು ಹತ್ತು ದಿನಕ್ಕೊಮ್ಮೆ ಸಾಮಾನ್ಯವಾಗಿ 2000 ಮೀಟರ್ ಆಳದಿಂದ ಅಳತೆ ತರುತ್ತವೆ. ಆದರೆ ನೈಟ್ರೇಟ್, ಹರಿತ್ತು ಅಳೆಯುವಂಥವು ಅವುಗಳಲ್ಲಿ ಒಂದು ಪಾಲು ಮಾತ್ರ.

ಹಾಗಾದರೆ ನಂಬುವುದು ಯಾವುದನ್ನು? ಒಂದೇ ಮಾಡೆಲ್ ಹೇಳಿದ ಅಂಕಿಗಿಂತ, ಬೇರೆ ಬೇರೆ ಗುಂಪುಗಳು ಬೇರೆ ಬೇರೆ ರೀತಿ ಕಟ್ಟಿದ ಮಾಡೆಲ್‌ಗಳು ಒಂದೇ ದಿಕ್ಕಿಗೆ ತೋರಿಸಿದರೆ ಆ ದಿಕ್ಕನ್ನು. 2019ರಲ್ಲಿ ಹೀಗೆ ಹಲವು ಜಾಗತಿಕ ಮಾಡೆಲ್‌ಗಳನ್ನು ಒಟ್ಟಿಗೆ ಓಡಿಸಿದಾಗ, ಪ್ರತಿ 1 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ಸಾಗರದ ಪ್ರಾಣಿಗಳ ಒಟ್ಟು ತೂಕ ಸರಾಸರಿ ಶೇಕಡಾ 5ರಷ್ಟು ಇಳಿಯುತ್ತದೆ ಎಂದು ಬಂತು. ತಾಪ ಏರಿಸುವ ಹೊಗೆಯನ್ನು ಹೆಚ್ಚು ಉಗುಳುವ ಹಾದಿಯಲ್ಲಿ ಈ ಶತಮಾನದ ಕೊನೆಗೆ ಇಳಿಕೆ ಶೇಕಡಾ 17, ಅದರಲ್ಲಿ 11ರಷ್ಟು ಹೆಚ್ಚುಕಮ್ಮಿ ಆಗಬಹುದು. ಆ 11ನ್ನು ಬಿಟ್ಟು ಬರೀ 17 ಬರೆದ ಸುದ್ದಿ ಅರ್ಧ ಸುದ್ದಿ. ನಿರ್ದಿಷ್ಟ ಕೊಲ್ಲಿಯಲ್ಲಿ ಬರುವ ವರ್ಷ ಎಷ್ಟು ಮೀನು ಸಿಗುತ್ತದೆ ಎಂಬ ಪ್ರಶ್ನೆಗೆ ಈ ಮಾಡೆಲ್‌ಗಳಲ್ಲಿ ಉತ್ತರ ಇಲ್ಲ. ಅದಕ್ಕೆಂದು ಕಟ್ಟಿದವೂ ಅಲ್ಲ.

ಅನುಮಾನ ಇನ್ನೂ ಇದ್ದರೆ ಸ್ಪ್ರೆಡ್‌ಶೀಟ್ ತೆರೆದು ಮೇಲಿನ ನಾಲ್ಕು ಖಾತೆಗಳಿಗೆ ನಾಲ್ಕು ಕಾಲಂ, ಮೊತ್ತಕ್ಕೆ ಐದನೆಯದು ಹಾಕಿ. ತಿಂದದ್ದರಲ್ಲಿ ಶೇಕಡಾ 75 ಪ್ರಾಣಿಪ್ಲವಕಕ್ಕೆ, ಉಳಿದದ್ದು ಕಸಕ್ಕೆ. ಪ್ರಾಣಿಪ್ಲವಕದಲ್ಲಿ ದಿನಕ್ಕೆ ಶೇಕಡಾ 10 ಸತ್ತು ಕಸಕ್ಕೆ. ಕಸದಲ್ಲಿ ದಿನಕ್ಕೆ ಶೇಕಡಾ 5 ಕೊಳೆತು ಮತ್ತೆ ನೈಟ್ರೇಟ್‌ಗೆ. ಒಂದು ಸಾಲಿಗೆ 0.1 ದಿನ. ಕಸ ಸೊನ್ನೆಯಿಂದ ಶುರುವಾದರೆ ಐದನೆಯ ಕಾಲಂ 5.3ರಲ್ಲೇ ನಿಂತಿರಬೇಕು, ಅಲುಗಿದರೆ ಯಾವುದೋ ಖರ್ಚನ್ನು ಎದುರು ಖಾತೆಗೆ ಜಮಾ ಮಾಡಲು ಮರೆತಿದ್ದೀರಿ. ಆತುರಕ್ಕೆ ಸಾಲಿಗೆ 5 ದಿನ ಹಾಕಿದಿರೋ, ಪ್ಲವಕ 3, ನೈಟ್ರೇಟ್ 1 ಆದಾಗ ದಿನಕ್ಕೆ 1ರಂತೆ ಐದು ದಿನದ್ದನ್ನು ಒಮ್ಮೆಲೇ ಕಳೆದು ನೈಟ್ರೇಟ್ ಮೈನಸ್ 4ರ ಆಸುಪಾಸಿಗೆ ಹೋಗುತ್ತದೆ, ಅಲ್ಲಿಂದ ಮುಂದಿನ ಸಾಲುಗಳೆಲ್ಲ ಕಸ.