ಬರೆ: ಕವಿತೆ ಕೆಲಸ ಎಲ್ಲಿಗೆ ಬಂತು

ಜೂನ್ ಕೊನೆ

ಹೋದ ತಿಂಗಳು 11 ಕವಿತೆ ಇದ್ದವು. ಈಗ 9. ಮೊನ್ನೆ ಕರೆಂಟ್ ಹೋದ ಸಂಜೆ ಎಲ್ಲವನ್ನೂ ಜೋರಾಗಿ ಓದಿಕೊಂಡೆ. ‘ಕತ್ತಲು’ 19 ಸಲ, ‘ಮೌನ’ 12 ಸಲ. ಕೊಡಗಿನ ಮಳೆಗಾಲದಲ್ಲಿ ಮೌನ ಎಲ್ಲಿರುತ್ತೆ? ಶೀಟಿನ ಮೇಲೆ ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ. ಎರಡು ಕವಿತೆ ಬರೀ ಈ ಪದಗಳ ಮೇಲೆ ನಿಂತಿದ್ದವು. ತೆಗೆದೆ.

ಇದು 2018ರ ಆಗಸ್ಟ್ ಬಗ್ಗೆ ಬರೆಯುತ್ತಿರುವ ಸರಣಿ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದ ಆ ವಾರ ನಮ್ಮ ಮನೆಯೂ ಹೋಯಿತು. ನಾವು ಉಳಿದೆವು. ಗುಡ್ಡ ಜಾರಿದ್ದನ್ನು ಹೇಗೋ ಬರೆಯಬಹುದು. ಉಳಿದದ್ದನ್ನು ಬರೆಯೋದೇ ಕಷ್ಟ.

ಜುಲೈ

ಭಾಮಿನಿ ಷಟ್ಪದಿಯಲ್ಲಿ ಒಂದು ಪ್ರಯತ್ನ ಮಾಡಿದೆ. ಮೂರು-ನಾಲ್ಕು, ಮೂರು-ನಾಲ್ಕು, ಚಿಕ್ಕ ಸಾಲಿಗೆ 14 ಮಾತ್ರೆ. ಲೆಕ್ಕ ಸರಿ ಬಂತು, ಆದರೆ ನೋವು ಕುಣಿಯೋಕೆ ಶುರು ಮಾಡಿತು! ಬಿಟ್ಟೆ.

ಹೆಸರು ಮಾತ್ರ ಸಿಕ್ಕಿದೆ: ‘ಬರೆ’. ಮನೆ ಹಿಂದೆ, ರಸ್ತೆ ಪಕ್ಕ ಕಡಿದಾಗಿ ನಿಂತ ಮಣ್ಣಿಗೆ ನಮ್ಮಲ್ಲಿ ಬರೆ ಅಂತಾರೆ. ಕಾದ ಕಬ್ಬಿಣ ಇಟ್ಟ ಗುರುತೂ ಬರೆ. ಪೆನ್ನು ಹಿಡಿದು ಸುಮ್ನೆ ಕೂತವರಿಗೆ ಹೇಳೋದೂ ಅದೇ. ಸಿಕ್ಕ ಖುಷಿಗೆ ಮೂರನ್ನೂ ಒಂದೇ ಸಾಲಲ್ಲಿ ತುಂಬಿಸಿದೆ. ಮಾರನೇ ದಿನ ಓದಿದರೆ ನಾಚಿಕೆಯಾಯಿತು. ಇಂಥದ್ದನ್ನು ಓದುವವರೇ ಕಂಡುಕೊಳ್ಳಬೇಕು, ಅಲ್ವಾ? ಇಲ್ಲಿ ನಿಮಗೆ ಹೇಳಿಬಿಟ್ಟೆ, ಅದು ಬೇರೆ ವಿಷಯ.

ಆಗಸ್ಟ್ 3, ಕಕ್ಕಡ 18 (ಕೊಡವರ ಕಕ್ಕಡ ತಿಂಗಳ 18ನೇ ದಿನ)

ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಈ ದಿನ ಆ ಸೊಪ್ಪಲ್ಲಿ 18 ಥರದ ಔಷಧ ಸೇರಿರುತ್ತೆ ಅನ್ನೋ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತೆ. ಮದ್ದು ಒಳಗೆ ಹೋಯಿತು ಅನ್ನೋದಕ್ಕೆ ಮೈ ಕೊಡೋ ರಸೀದಿ ಅದು. ಆ ವರ್ಷವೂ ತಿಂದಿದ್ದೆವು. ಎರಡು ವಾರಕ್ಕೆ ಮನೆ ಇರಲಿಲ್ಲ. ಇದು ಹತ್ತನೇ ಕವಿತೆ ಆಗಬಹುದು. ಸದ್ಯಕ್ಕೆ ‘ರಸೀದಿ’ ಅನ್ನೋ ಒಂದು ಪದ ಬಿಟ್ಟು ಬೇರೇನೂ ಇಲ್ಲ.

ಆಗಸ್ಟ್ ನಡುವೆ

ಇದುವರೆಗೆ ನನಗೆ ಜಾಸ್ತಿ ಸಮಾಧಾನ ಕೊಟ್ಟ ಸಾಲುಗಳು:

ಹೊರಡುವಾಗ ಅಮ್ಮ ಬೀಗ ಹಾಕಿದಳು.
ಬರೆ ಬಂದು ಬಾಗಿಲು ತಟ್ಟಲಿಲ್ಲ.
ಕೀ ಈಗ ಮೊಳೆಯಲ್ಲಿ ನೇತಾಡುತ್ತಿದೆ
ಬಾಡಿಗೆ ಗೋಡೆಯ ಮೇಲೆ.

ಅಮ್ಮನಿಗೆ ಓದಿ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅವರು ಬಟಾಣಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ಬೀಗ ಹಾಕಿದ್ದು ನಾನಲ್ಲ ಮಗಾ. ನಿಮ್ಮಪ್ಪ.”

ಅಪ್ಪ ಮಾರನೇ ವರ್ಷ ತೀರಿಕೊಂಡರು. ಅವರ ಬಗ್ಗೆ ಈ ಒಂಬತ್ತರಲ್ಲಿ ಒಂದು ಸಾಲೂ ಇಲ್ಲ. ಅದು ಅಲ್ಲಿಯವರೆಗೆ ನನಗೆ ಗೊತ್ತೇ ಆಗಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. ಜೀಪು ಹತ್ತಿದವರು ಮತ್ತೆ ಇಳಿದು ಹೋಗಿದ್ದರಂತೆ.

ಮೊದಲ ಸಾಲು ಈಗ ಹೀಗಿದೆ:

ಅಪ್ಪ ಬೀಗ ಹಾಕಿದ. ಮಳೆಯಲ್ಲೇ ವಾಪಸ್ ಹೋಗಿ
ಒಮ್ಮೆ ಎಳೆದು ನೋಡಿದ.