ಎದುರು ಬೆಂಚಲ್ಲಿ ವೆಸ್ಟ್‌ವುಡ್

2024ರ ಮಾರ್ಚ್ 26, ಗುವಾಹಟಿ. ಅಫ್ಘಾನಿಸ್ತಾನದ ಮೇಲೆ ವರ್ಲ್ಡ್ ಕಪ್ ಕ್ವಾಲಿಫೈಯರ್, ಸುನಿಲ್ ಛೆಟ್ರಿಗೆ ಅದು 150ನೇ ಮ್ಯಾಚು, ಮೊದಲ್ನೇ ಹಾಫಲ್ಲೇ ಪೆನಾಲ್ಟಿ ಹೊಡ್ದು 1-0 ಮಾಡಿದ್ದ, ನಾನು ಟೀವಿ ಮುಂದೆ ಮಂಡಕ್ಕಿ ತಟ್ಟೆ ಇಟ್ಕೊಂಡು ಆರಾಮಾಗಿ ಕೂತಿದ್ದೆ. 70ನೇ ನಿಮಿಷಕ್ಕೆ ಅವ್ರದ್ದು ಒಂದು ಗೋಲು, 88ಕ್ಕೆ ಪೆನಾಲ್ಟಿ, 2-1. ಕ್ಯಾಮೆರಾ ಆ ಕಡೆ ಬೆಂಚಿಗೆ ತಿರುಗ್ತು, ಅಲ್ಲಿ ಆಶ್ಲೀ ವೆಸ್ಟ್‌ವುಡ್ ಕುಣೀತಾ ಇದ್ದ ಗೆಳೆಯರನ್ನ ತಬ್ಕೋತಿದ್ದ. ನಮ್ಮ ವೆಸ್ಟ್‌ವುಡ್! ಬೆಂಗಳೂರು ಎಫ್‌ಸಿಯ ಮೊದಲ್ನೇ ಕೋಚು, ಅವತ್ತು ಅಫ್ಘಾನಿಸ್ತಾನದ ಕೋಚು. ಛೆಟ್ರಿ ಕೈಲಿ ಕಪ್ ಎತ್ತಿಸಿದವನೇ ಛೆಟ್ರಿ 150ನೇ ಮ್ಯಾಚು ಹಾಳು ಮಾಡಿದ್ನಲ್ಲಪ್ಪ ಅಂತ ಸುಮಾರು ಹೊತ್ತು ಮಂಡಕ್ಕಿ ಮುಟ್ಲಿಲ್ಲ ನಾನು.

ಈವಯ್ಯನ ಹೆಸ್ರು ಹಾಕಿ ಹುಡುಕಿದ್ರೆ ಬೇರೆ ಒಬ್ಬ ವೆಸ್ಟ್‌ವುಡ್ ಸಿಗ್ತಾನೆ, ಆಸ್ಟನ್ ವಿಲ್ಲಾ, ಬರ್ನ್ಲಿಗೆ ಆಡ್ದ ಮಿಡ್‌ಫೀಲ್ಡರ್ರು, ಅವನಲ್ಲ. ಮಜಾ ಅಂದ್ರೆ ಇಬ್ರೂ ಕ್ರೂ ಅಲೆಕ್ಸಾಂಡ್ರಾ ಕ್ಲಬ್ಬಿಗೆ ಆಡಿದಾರೆ. ನಮ್ಮವನು 1976ರಲ್ಲಿ ಹುಟ್ಟಿದ್ದು, ಮ್ಯಾಂಚೆಸ್ಟರ್ ಯುನೈಟೆಡ್‌ನ ಯೂತ್ ಟೀಮಲ್ಲಿ ಬೆಳ್ದ ಹುಡ್ಗ, ಆದ್ರೆ ದೊಡ್ಡ ಟೀಮಿಗೆ ಒಂದು ಮ್ಯಾಚೂ ಆಡೋಕಾಗ್ಲಿಲ್ಲ. ಕ್ರೂ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆಡ್ನಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಸ್ಟೀವನೇಜ್, ಹೀಗೆ ಊರೂರು ಅಲೆದ ಸೆಂಟರ್ ಬ್ಯಾಕು, ಅಂದ್ರೆ ಗೋಲ್ ಮುಂದೆ ನಡುವಲ್ಲಿ ನಿಂತು ತಡೆಯೋ ಡಿಫೆಂಡರ್ರು. ಇಂಥ ಪ್ಲೇಯರ್ ಪೋಸ್ಟರ್ ಯಾರೂ ರೂಮಲ್ಲಿ ಅಂಟಿಸ್ಕೊಳಲ್ಲ. ಆಟ ಮುಗ್ಸಿ ಮೈಕಲ್ ಆಪಲ್ಟನ್ ಅನ್ನೋ ಮ್ಯಾನೇಜರ್ ಜೊತೆ ಅಸಿಸ್ಟೆಂಟ್ ಆಗಿ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಸುತ್ತಿದ. ಬ್ಲ್ಯಾಕ್‌ಬರ್ನ್ ಅಂದ್ರೆ ನಮ್ಮ ಪುಣೆ ಕೋಳಿ ವ್ಯಾಪಾರದ ವೆಂಕೀಸ್ ಅವ್ರ ಕ್ಲಬ್ಬು, 67 ದಿನಕ್ಕೆ ಆಪಲ್ಟನ್‌ನ ಮನೆಗೆ ಕಳಿಸಿದ್ರು. ಇಂಡಿಯನ್ ಓನರ್ ಕೈಲಿ ಅಂಥ ಅನುಭವ ಆದ್ಮೇಲೂ ಅದೇ 2013ರಲ್ಲಿ ಇಂಡಿಯಾಗೆ ವಿಮಾನ ಹತ್ತಿದಾನೆ ಅಂದ್ರೆ ಧೈರ್ಯ ಮೆಚ್ಚಬೇಕು.

ಬೆಂಗಳೂರು ಎಫ್‌ಸಿ ಅನ್ನೋದು ಆಗ ಪೇಪರ್ ಮೇಲಿನ ಹೆಸ್ರು ಅಷ್ಟೇ. ನಮ್ ಮಾವ ಐಟಿಐ, ಎಚ್‌ಎಎಲ್ ಟೀಮುಗಳ ಕಾಲದಿಂದ ಅಶೋಕನಗರದ ಫುಟ್ಬಾಲ್ ಸ್ಟೇಡಿಯಮ್ಮಿಗೆ ಹೋಗ್ತಿದ್ದೋರು, ಹೊಸ ಕಂಪ್ನಿ ಟೀಮು ಅಂದಾಗ ಮೂಗು ಮುರಿದ್ರು, ಆದ್ರೂ ಮೊದಲ್ನೇ ಮ್ಯಾಚಿಗೇ ನನ್ನ ಎಳ್ಕೊಂಡು ಹೋದ್ರು. ಮೋಹನ್ ಬಗಾನ್ ಮೇಲೆ, 1-1. ಅದು ಚಿಕ್ಕ ಸ್ಟೇಡಿಯಮ್ಮು, ಮೈದಾನದ ಮಾತು ಮೇಲೆ ಕೂತವರಿಗೂ ಕೇಳ್ಸತ್ತೆ. ಸೈಡಲ್ಲಿ ನಿಂತಿದ್ದ ಬೋಳು ತಲೆ ಬಿಳಿಯನ ಬಾಯಿಗೆ 90 ನಿಮಿಷ ಬಿಡುವೇ ಇರ್ಲಿಲ್ಲ. ನನ್ ಕಣ್ಣು ಬಾಲ್ ಹಿಂದೆ. ಮಾವ ತೊಡೆ ಮೇಲೆ ತಟ್ಟಿ, "ಬಾಲ್ ಬಿಡೋ, ಹಿಂದಿರೋ ನಾಲ್ವರನ್ನ ನೋಡು" ಅಂದ್ರು. ನೋಡ್ದೆ. ಬಾಲ್ ಮುಂದೆ ಹೋದ್ರೆ ನಾಲ್ಕೂ ಜನ ಒಟ್ಟಿಗೆ ಹತ್ತು ಹೆಜ್ಜೆ ಮುಂದೆ, ವಾಪಸ್ ಬಂದ್ರೆ ಒಟ್ಟಿಗೆ ಹಿಂದೆ, ಸೊಂಟಕ್ಕೆ ಹಗ್ಗ ಕಟ್ಟಿದಾರೇನೋ ಅನ್ಸೋದು. ಒಬ್ಬ ಎರಡ್ಹೆಜ್ಜೆ ಲೇಟಾದ್ರೆ ಸಾಕು ಬಿತ್ತು ಬೈಗುಳ. ಗೋಲ್ ಹೊಡೆಯೋರ್ಗೆ ಬೈಯ್ದಿದ್ದು ಕಮ್ಮಿನೇ.

ಅದೇ ಅವನ ಆಟ. ನಾರ್ಥಾಂಪ್ಟನ್ನಿಂದ ಬಂದ ಜಾನ್ ಜಾನ್ಸನ್ನು, ಕೀನ್ಯಾದ ಕರ್ಟಿಸ್ ಒಸಾನೋ, ಇಬ್ರನ್ನ ಹಿಂದೆ ಗೋಡೆ ಥರ ನಿಲ್ಸೋದು, ಕಾರ್ನರ್ರು ಫ್ರೀಕಿಕ್ಕು ಸಿಕ್ರೆ ಅದನ್ನ ಚಿನ್ನದ ಹಾಗೆ ಬಳಸೋದು, ಮುಂದೆ ಛೆಟ್ರಿ ಇದಾನಲ್ಲ. ಬೋರಿಂಗ್ ಅಂತ ಬೈಯ್ದೋರು ಇದ್ರು, ನಾನೂ ಕೆಲವು ಸಲ ಬೈದಿದೀನಿ, ಒಂದು ಗೋಲ್ ಹಾಕಿ ಬಾಗ್ಲು ಹಾಕ್ಕೊಂಡು ಕೂತ್ಬಿಡ್ತಾರೆ ಅಂತ. ಆದ್ರೆ 2014ರ ಏಪ್ರಿಲಲ್ಲಿ ಗೋವಾದಲ್ಲಿ ಡೆಂಪೋನ 4-2 ಸೋಲ್ಸಿ, ಇನ್ನೊಂದ್ ಮ್ಯಾಚ್ ಬಾಕಿ ಇರುವಾಗ್ಲೇ, ಮೊದಲ್ನೇ ಸೀಸನ್ನಲ್ಲೇ ಐ-ಲೀಗ್, ಅಂದ್ರೆ ಆಗಿನ ದೇಶದ ದೊಡ್ಡ ಲೀಗು, ಗೆದ್ರು! ಮುಂದಿನ ಜನವರಿಲಿ ಫೆಡರೇಶನ್ ಕಪ್ಪು, ಫೈನಲಲ್ಲಿ ಅದೇ ಡೆಂಪೋ, 2-1. ಮಾವ ಆಮೇಲೆ ಕಂಪ್ನಿ ಟೀಮು ಅನ್ನೋದು ಬಿಟ್ರು.

ಈಗ 2015ರ ಮೇ 31ಕ್ಕೆ ಬರ್ತೀನಿ, ಬರ್ಲೇಬೇಕು. ಕಂಠೀರವ, ಸೀಸನ್ನಿನ ಕೊನೇ ಮ್ಯಾಚು, ಎದುರು ಮತ್ತೆ ಬಗಾನ್. ಅವ್ರಿಗೆ ಡ್ರಾ ಸಾಕು, ನಮಗೆ ಗೆಲ್ಲಲೇಬೇಕು. ಸೆಂಟರ್ ಬ್ಯಾಕ್ ಜಾನ್ಸನ್ನೇ ಗೋಲ್ ಹೊಡ್ದ, ನಮ್ಮ ಫ್ಯಾನ್ ಗುಂಪು ವೆಸ್ಟ್ ಬ್ಲಾಕ್ ಹುಡುಗ್ರು ಕುಣ್ದು ಕುಣ್ದು ಸ್ಟ್ಯಾಂಡ್ ನಡುಗ್ತಿತ್ತು, ಬಾಗ್ಲು ಹಾಕ್ಕೊಂಡು ಕೂತ್ವಿ, ಈ ಸಲ ನಾನೂ ಹಾಕ್ಕೊಳ್ರಪ್ಪಾ ಅಂತಿದ್ದೆ. 87ನೇ ನಿಮಿಷ. ಅವ್ರಿಗೊಂದು ಕಾರ್ನರ್. ಬೆಲ್ಲೊ ರಜಾಕ್, ಅವನೂ ಡಿಫೆಂಡರೇ, ತಲೆ ಕೊಟ್ಟ. 1-1. ಕಾರ್ನರಲ್ಲಿ ಯಾರು ಎಲ್ಲಿ ನಿಲ್ಬೇಕು ಅಂತ ಎರಡು ವರ್ಷ ಹುಡುಗ್ರ ತಲೆ ತಿಂದಿದ್ದ ಮನುಷ್ಯ ಕಾರ್ನರಲ್ಲೇ ಲೀಗ್ ಕಳ್ಕೊಂಡ. ಬಗಾನ್‌ಗೆ 13 ವರ್ಷ ಆದ್ಮೇಲೆ ಸಿಕ್ಕ ಲೀಗ್ ಅದು, ಅವ್ರು ನಮ್ಮೂರಲ್ಲಿ ಕುಣಿದ್ರು. ನಾವು ಗೇಟ್ ಹೊರಗೆ ಮಾತಾಡ್ದೆ ಟೀ ಕುಡಿದ್ವಿ, ಮಾವ ಲೋಟ ಖಾಲಿ ಆದ್ಮೇಲೂ ಹಿಡ್ಕೊಂಡೇ ನಿಂತಿದ್ರು.

2016ರ ಏಪ್ರಿಲ್ 17ಕ್ಕೆ ಗೋವಾದ ಸಾಲ್ಗಾವ್ಕರ್ ಮೇಲೆ 2-0, ಅದೇ ಕಂಠೀರವದಲ್ಲಿ, ಲೀಗ್ ವಾಪಸ್ ಬಂತು. ಮೂರು ಸೀಸನ್ನು, ಎರಡು ಲೀಗು, ಒಂದು ಫೆಡರೇಶನ್ ಕಪ್ಪು, ಅಷ್ಟಾದ್ಮೇಲೆ ಹೊರಟ. ಮುಂದೆ ಸ್ಪೇನಿನ ಆಲ್ಬರ್ಟ್ ರೋಕಾ ಬಂದು ಚೆಂದದ ಪಾಸಿಂಗ್ ಆಟ ಆಡ್ಸಿದ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತನಕ ಹೋದ್ವಿ, ಎಲ್ರೂ ಅದನ್ನೇ ಹೊಗಳ್ತಾರೆ. ಅಡಿಪಾಯ ಯಾರದ್ದು ಅಂತ ಕೇಳಿ ಅಂತೀನಿ ನಾನು. ವೆಸ್ಟ್‌ವುಡ್‌ಗೆ ಆಮೇಲೆ ಅಷ್ಟು ಚೆನ್ನಾಗಿ ನಡೀಲಿಲ್ಲ ಬಿಡಿ, ಮಲೇಷ್ಯಾದ ಪೆನಾಂಗು, ಕೋಲ್ಕತ್ತಾದ ಎಟಿಕೆಲಿ ಕೋಚ್ ಟೆಡ್ಡಿ ಶೆರಿಂಗ್‌ಹ್ಯಾಮ್ ಹೋದ್ಮೇಲೆ ಸ್ವಲ್ಪ ದಿನ, ಪಂಜಾಬು, ಎಲ್ಲೂ ಬೇರು ಬಿಡ್ಲಿಲ್ಲ.

ಹಾಗಿರುವಾಗ ಅಫ್ಘಾನಿಸ್ತಾನ. ಎಷ್ಟೋ ಆಟಗಾರರು ಫೆಡರೇಶನ್ ಜೊತೆ ಜಗಳ ಆಡಿ ಬರಲ್ಲ ಅಂದಿದ್ರು, ಸ್ವಂತ ನೆಲದಲ್ಲಿ ಆಡೋ ಹಾಗಿಲ್ಲ, ಅವ್ರ ಹೋಮ್ ಮ್ಯಾಚು ಸೌದಿಲಿ. ಅಲ್ಲಿ ನಮ್ಮನ್ನ 0-0ಗೆ ಕಟ್ಟಿ ಹಾಕಿ ಐದು ದಿನಕ್ಕೆ ಗುವಾಹಟಿಗೆ ಬಂದ್ರು, ಮಿಕ್ಕಿದ್ದು ಹೇಳಿದೀನಲ್ಲ. ಅವತ್ತು ಸೆಕೆಂಡ್ ಹಾಫಲ್ಲಿ ಬಾಲ್ ಬಿಟ್ಟು ಅವ್ರ ಹಿಂದಿನ ನಾಲ್ವರನ್ನ ನೋಡ್ದೆ. ಅದೇ ಹಗ್ಗ.

2025ರ ಜೂನ್ 10, ಈ ಸಲ ಹಾಂಗ್‌ಕಾಂಗ್ ಕೋಚು. ಏಷ್ಯನ್ ಕಪ್ ಕ್ವಾಲಿಫೈಯರ್, ಹೊಸ ಕೈ ಟಾಕ್ ಸ್ಟೇಡಿಯಮ್ ತುಂಬಿ ತುಳುಕ್ತಿತ್ತು, ಛೆಟ್ರಿ ಸಬ್ ಆಗಿ ಬಂದ. 0-0, ಆಯ್ತು ಒಂದು ಪಾಯಿಂಟ್ ಬಂತು ಅನ್ಕೊಂಡೆ. ಇಂಜುರಿ ಟೈಮಲ್ಲಿ ಬಾಕ್ಸ್ ಒಳಗೆ ಎತ್ತರಕ್ಕೊಂದು ಬಾಲ್ ಬಂತು, ನಮ್ಮ ಕೀಪರ್ ವಿಶಾಲ್ ಕೈತ್ ಮುಂದೆ ಬಂದು ಪಂಚ್ ಮಾಡೋಕೆ ಹೋದ, ಬಾಲ್ ತಪ್ಪಿ ಗುದ್ದು ಅವ್ರ ಪ್ಲೇಯರಿಗೆ ಬಿತ್ತು, ಪೆನಾಲ್ಟಿ, 1-0. ಫೋನ್ ಹೊಡ್ಕೊಳ್ತು. ಮಾವ. "ನೋಡಿದ್ಯಾ, ಎತ್ತರದ ಬಾಲು" ಅಂದ್ರು, ಧ್ವನಿಲಿ ಬೇಜಾರಿತ್ತಾ ಖುಷಿ ಇತ್ತಾ ಗೊತ್ತಾಗ್ಲಿಲ್ಲ, ನಾನೂ ಕೇಳೋಕೆ ಹೋಗ್ಲಿಲ್ಲ.