ಜಿಪ್ಸಿಗೆ ಉಸಿರು ಕಟ್ಟಿದೆ

ಜುಲೈ 6, ಭಾನುವಾರ
ನನ್ನ ಮಾರುತಿ ಜಿಪ್ಸಿಯ ಎಂಜಿನ್‌ಗೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಒಳಗೆಲ್ಲ ಬೆಣ್ಣೆ! ಮೊಸರು ಕಡೆಯುವಾಗ ಕಡಗೋಲಿಗೆ ಅಂಟುತ್ತದಲ್ಲ, ಹಾಗೆಯೇ. ಬಣ್ಣ ಮಾತ್ರ ಹಾಲು ಹೆಚ್ಚಾದ ಕಾಫಿಯದು. ಗ್ಯಾರೇಜಿನ ಮೇಸ್ತ್ರಿ ನೋಡಿದವರೇ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್" ಎಂದುಬಿಟ್ಟರು. ಅಂದರೆ ಎಂಜಿನ್ನಿನ ತಲೆಭಾಗದ ಸಂದು ಮುಚ್ಚುವ ಹಾಳೆ ಕೆಟ್ಟು ರೇಡಿಯೇಟರ್ ನೀರು ಆಯಿಲ್‌ಗೆ ಸೇರುತ್ತಿದೆ ಎಂದು. ನನಗೆ ಒಪ್ಪಿಗೆಯಾಗಲಿಲ್ಲ. ರೇಡಿಯೇಟರ್ ನೀರು ಇಳಿದಿಲ್ಲ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲಿ ಬಿಳಿಯ ಸುಳಿವಿಲ್ಲ.

ಚಿಕ್ಕಮಗಳೂರಿನ ಈ ಮಳೆಯಲ್ಲಿ ನನ್ನ ಗಾಡಿ ಓಡುವುದು ಮನೆಯಿಂದ ಐ.ಜಿ. ರಸ್ತೆಗೆ, ಅಲ್ಲಿಂದ ಮನೆಗೆ. ಅಷ್ಟಕ್ಕೆ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ನುಸುಳಿ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದನ್ನು ಅಲ್ಲಿಂದ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್‌ಗೆ ಎಳೆದು ಮತ್ತೆ ಸುಡಿಸುವ ದಾರಿಗೆ ಕಾವಲು ಕೂತಿರುವುದು ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್. ದಾರಿ ಕಟ್ಟಿದರೆ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ, ಆಯಿಲ್ ಜೊತೆ ಕಲೆತು ಬೆಣ್ಣೆಯಾಗುತ್ತದೆ. ಒತ್ತಡ ಹೆಚ್ಚಾದರೆ ಸೀಲುಗಳಲ್ಲಿ ಆಯಿಲ್ ಜಿನುಗುತ್ತದೆ. ಎಂಜಿನ್ನಿನ ಹಿಂಬದಿಯ ಸೀಲಿನ ಹತ್ತಿರ ನನ್ನ ಗಾಡಿಯಲ್ಲೂ ಜಿನುಗು ಇದೆ.

ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಏರ್ ಫಿಲ್ಟರ್ ಕಡೆಯ ಪೈಪನ್ನು ಮುಚ್ಚಿ, ಆಯಿಲ್ ಬಾಯಿಗೆ ಕಾಗದದ ಚೂರು ಇಟ್ಟೆ. ವಾಲ್ವ್ ಸರಿಯಿದ್ದರೆ ಒಳಕ್ಕೆ ಎಳೆದುಕೊಳ್ಳಬೇಕಿತ್ತು. ಪಟಪಟನೆ ಕುಣಿದು ಹಾರಿಹೋಯಿತು.

ಜುಲೈ 9
ವಾಲ್ವ್ ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಣ ಸೀಗೆಕಾಯಿಯಂತೆ ಗಲಗಲ ಎನ್ನಬೇಕಾದ್ದು ಮೌನವಾಗಿತ್ತು. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದ ಮೇಲೆ ಏನೋ ಗೊಣಗಿತು, ಆದರೆ ನಂಬುವಂತಿಲ್ಲ. ಇಂಥ ಅಗ್ಗದ ಸಾಮಾನನ್ನು ತೊಳೆದು ತೊಳೆದು ಬಳಸುವುದು ಜಿಪುಣತನ. ಹೊಸದಕ್ಕೆ ಹೇಳಿದೆ.

ಅದರ ಪೈಪನ್ನು ಬಾಗಿಸಿದಾಗ ಅಡಿಭಾಗದಲ್ಲಿ ಉಗುರು ಗೀರಿದಷ್ಟು ಬಿರುಕು ಕಂಡಿತು. ಸಿಗ್ನಲ್‌ನಲ್ಲಿ ಐಡಲ್ ಏರಿಳಿಯುತ್ತಿದ್ದುದು ಇದರಿಂದಲೇ ಇರಬೇಕು. ಗಾಳಿ ಕಳ್ಳದಾರಿ ಹಿಡಿದಿದೆ. ನಾನೋ ಎರಡು ಸಲ ಗಾಳಿ ಒಳಬಿಡುವ ಥ್ರಾಟಲ್ ಬಾಡಿ ತೊಳೆದಿದ್ದೆ!

ಜುಲೈ 10
ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಪೈಪಿನ ತುಂಡು ಹಾಕಿ ನೋಡಿದೆ. ಬಿಸಿಯಾದೊಡನೆ ಚಪ್ಪಟೆಯಾಗಿ ಹೀರಿಕೊಂಡು ಕೂತಿತು. ಬುದ್ಧಿವಂತಿಕೆ ಸಾಕು.

ಜುಲೈ 13, ಭಾನುವಾರ
ಹೊಸ ವಾಲ್ವ್, ಆಯಿಲ್ ತಡೆಯುವ ದಪ್ಪ ಪೈಪ್, ಹೊಸ ಕ್ಲಾಂಪ್. ವಾಲ್ವ್‌ಗೆ ದಿಕ್ಕು ಇದೆ, ತಿರುಗುಮುರುಗಾದರೆ ಮತ್ತೆ ಉಸಿರುಗಟ್ಟುತ್ತದೆ. ಈ ಸಲ ಕಾಗದ ಬಾಯಿಗೆ ಟಪ್ಪನೆ ಕಚ್ಚಿಕೊಂಡಿತು. ಒಳಗಿನ ನೀರು ಆವಿಯಾಗಿ ಹೋಗಲೆಂದು ಕೈಮರ ದಾಟಿ ಮುಳ್ಳಯ್ಯನಗಿರಿಯ ದಾರಿಯಲ್ಲಿ ಒಂದು ಗಂಟೆ ಓಡಿಸಿದೆ. ಮಂಜಿನಲ್ಲಿ ಬಾನೆಟ್ ಕೂಡ ಕಾಣದು. ಮನೆಗೆ ಬಂದು ಮುಚ್ಚಳ ತೆಗೆದರೆ ಅಂಚಿನಲ್ಲಿ ತೆಳು ಪದರ ಮಾತ್ರ ಉಳಿದಿದೆ.

ಹಿಂಬದಿಯ ಸೀಲನ್ನು ಒರೆಸಿ ಕೆಳಗೆ ರಟ್ಟು ಹಾಸಿದ್ದೇನೆ. ಸೀಲಿಗಾಗಿ ಗೇರ್‌ಬಾಕ್ಸ್ ಇಳಿಸಬೇಕೇ ಬೇಡವೇ ಎಂಬುದನ್ನು ಮುಂದಿನ ಭಾನುವಾರ ಆ ರಟ್ಟು ನೋಡಿ ತೀರ್ಮಾನಿಸುತ್ತೇನೆ.